ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ?

2014ರ ಜೂನ್ 17ರಂದು ಕೋಡ್ ಸ್ಪೇಸಸ್ ಎಂಬ ಸಣ್ಣ ಕಂಪನಿಯ ಸರ್ವರ್‌ಗಳ ಮೇಲೆ ಲೆಕ್ಕವಿಲ್ಲದಷ್ಟು ಹುಸಿ ಕೋರಿಕೆಗಳು ಬಂದು ಬೀಳತೊಡಗಿದವು. ಪ್ರೋಗ್ರಾಮರ್‌ಗಳು ತಾವು ಬರೆದ ಸಾಫ್ಟ್‌ವೇರ್ ಕೋಡನ್ನು ಜೋಪಾನ ಮಾಡಲು ಈ ಕಂಪನಿಗೆ ಒಪ್ಪಿಸುತ್ತಿದ್ದರು. ಕಂಪನಿ ಅದನ್ನೆಲ್ಲ ಅಮೆಜಾನ್‌ನ ಕ್ಲೌಡ್‌ನಲ್ಲಿ ಇಡುತ್ತಿತ್ತು. ಏಳು ವರ್ಷಗಳಿಂದ ನಡೆದುಕೊಂಡು ಬಂದಿದ್ದ ವ್ಯವಹಾರ. ಸರ್ವರ್‌ಗಳನ್ನು ಉಸಿರುಗಟ್ಟಿಸುವ ಇಂಥ ದಾಳಿ ಅವರಿಗೆ ಹೊಸದಾಗಿರಲಿಲ್ಲ. ಹಿಂದೆಯೂ ಎದುರಿಸಿ ದಾಟಿದ್ದರು.

ಈ ಸಲ ದಾಳಿಕೋರ ಹೊರಗಷ್ಟೇ ಇರಲಿಲ್ಲ. ಕಂಪನಿಯ ಅಮೆಜಾನ್ ಖಾತೆಯ ಕಂಟ್ರೋಲ್ ಪ್ಯಾನಲ್‌ ಒಳಗೇ ಸೇರಿಕೊಂಡಿದ್ದ. ಒಂದು ಹಾಟ್‌ಮೇಲ್ ವಿಳಾಸ ಕೊಟ್ಟು, ಮಾತನಾಡಿ ಎಂದು ಸಂದೇಶ ಬಿಟ್ಟಿದ್ದ. ದೊಡ್ಡ ಮೊತ್ತ ಕೊಟ್ಟರೆ ದಾಳಿ ನಿಲ್ಲಿಸುತ್ತೇನೆ ಎಂಬುದು ಅವನ ಬೇಡಿಕೆ. ಕಂಪನಿಯವರು ತಕ್ಷಣ ಪಾಸ್‌ವರ್ಡ್ ಬದಲಿಸಿದರು. ಅದನ್ನು ಮೊದಲೇ ಎಣಿಸಿದ್ದ ಆತ ಒಳಗೆ ಬೇರೆ ಲಾಗಿನ್‌ಗಳನ್ನು ಮಾಡಿಟ್ಟುಕೊಂಡಿದ್ದ. ತನ್ನನ್ನು ಹೊರಹಾಕಲು ನೋಡುತ್ತಿದ್ದಾರೆಂದು ಗೊತ್ತಾದದ್ದೇ ತಡ, ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸತೊಡಗಿದ. ಸರ್ವರ್‌ಗಳು, ಡಿಸ್ಕ್‌ಗಳು, ಅವುಗಳ ಹಿಂದಿನ ಪ್ರತಿಗಳು ಹೋದವು, ಬ್ಯಾಕಪ್‌ಗಳೂ ಹೋದವು. ಹನ್ನೆರಡು ಗಂಟೆಯೊಳಗೆ ಕಂಪನಿಯ ಬಹುಪಾಲು ಡೇಟಾ ಇಲ್ಲವಾಯಿತು. ಗ್ರಾಹಕರಿಗೆ ಮರಳಿಸಲು ಉಳಿದದ್ದು ಸ್ವಲ್ಪವೇ. ಇನ್ನು ವ್ಯವಹಾರ ನಡೆಸಲು ಸಾಧ್ಯವಿಲ್ಲ ಎಂದು ಪ್ರಕಟಿಸಿ ಕಂಪನಿ ಬಾಗಿಲು ಹಾಕಿತು.

ಕೋಡ್ ಸ್ಪೇಸಸ್ ಬ್ಯಾಕಪ್ ಇಡದ ಕಂಪನಿ ಆಗಿರಲಿಲ್ಲ. ಬ್ಯಾಕಪ್ ವ್ಯವಸ್ಥೆ ತನ್ನ ಹೆಗ್ಗಳಿಕೆ ಎಂದೇ ಅದು ಗ್ರಾಹಕರಿಗೆ ಹೇಳಿಕೊಂಡಿತ್ತು. ಪ್ರತಿಗಳು ಬೇರೆ ಬೇರೆ ಜಾಗದಲ್ಲಿ ಇದ್ದದ್ದೂ ನಿಜ. ಆದರೆ ಅವೆಲ್ಲವನ್ನೂ ಅಳಿಸುವ ಅಧಿಕಾರ ಒಂದೇ ಖಾತೆಯ ಒಳಗಿತ್ತು. ಆ ಖಾತೆ ಇನ್ನೊಬ್ಬನ ಕೈಗೆ ಹೋದ ಮೇಲೆ ಪ್ರತಿಗಳು ಎಷ್ಟಿದ್ದರೇನು, ಎಲ್ಲಿದ್ದರೇನು? ಕ್ಲೌಡ್ ಸುರಕ್ಷತೆಯ ಬಗ್ಗೆ ಸಣ್ಣ ಉದ್ಯಮದವರು ಒಂದೇ ಒಂದು ಘಟನೆಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ನೆನಪಿಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂದು ಅಮೆಜಾನ್‌ನ ಗೋಡೆಯನ್ನು ಯಾರೂ ಒಡೆದಿರಲಿಲ್ಲ. ಗ್ರಾಹಕನ ಲಾಗಿನ್ ಬಳಸಿಯೇ ಒಳಗೆ ಹೋಗಿದ್ದರು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂರೂ ಕಂಪನಿಗಳು ಈ ಗಡಿಯನ್ನು ತಮ್ಮ ಷರತ್ತುಗಳಲ್ಲಿ ಸ್ಪಷ್ಟವಾಗಿಯೇ ಬರೆದಿವೆ. ಕಟ್ಟಡ, ವಿದ್ಯುತ್, ಯಂತ್ರ, ಜಾಲ ಇವುಗಳ ಕಾವಲು ಅವರದು. ಖಾತೆಗೆ ಯಾರನ್ನು ಬಿಡಬೇಕು, ಪಾಸ್‌ವರ್ಡ್ ಎಂಥದ್ದು, ಯಾವ ಕಡತ ಯಾರಿಗೆ ಕಾಣಬೇಕು ಎಂಬುದೆಲ್ಲ ಗ್ರಾಹಕರ ಹೊಣೆ. ಇದು ಬ್ಯಾಂಕಿನ ಲಾಕರ್ ಇದ್ದಂತೆ. ಸ್ಟ್ರಾಂಗ್ ರೂಮನ್ನು ಬ್ಯಾಂಕು ಕಾಯುತ್ತದೆ, ನಮ್ಮ ಕೀಲಿಯನ್ನು ನಾವೇ ಕಾಯಬೇಕು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ. ಇಪ್ಪತ್ತು ಜನರ ಕಾರ್ಖಾನೆಯಲ್ಲಿ ಈ ಕೆಲಸ ಯಾರದು ಎಂದು ಕೇಳಿದರೆ ಮಾಲೀಕರು ಅಕೌಂಟೆಂಟ್ ಕಡೆ ನೋಡುತ್ತಾರೆ, ಅಕೌಂಟೆಂಟ್ ಸಾಫ್ಟ್‌ವೇರ್ ಹಾಕಿಕೊಟ್ಟವರ ಹೆಸರು ಹೇಳುತ್ತಾರೆ.

ಪೀಣ್ಯದ ಒಂದು ಮೆಷಿನ್ ಶಾಪ್, ಹುಬ್ಬಳ್ಳಿಯ ಒಬ್ಬ ಔಷಧ ವಿತರಕ, ಮೈಸೂರಿನ ಒಂದು ದಂತ ಚಿಕಿತ್ಸಾಲಯ, ತಾಲ್ಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿ, ಇವರೆಲ್ಲ ಇಂದು ಕ್ಲೌಡ್‌ನ ಗ್ರಾಹಕರೇ. ನಮಗೂ ಕ್ಲೌಡ್‌ಗೂ ಏನು ಸಂಬಂಧ ಎಂದು ಅವರಲ್ಲಿ ಹಲವರು ಅಂದುಕೊಂಡಿರಬಹುದು. ಟ್ಯಾಲಿಯನ್ನು ಬಾಡಿಗೆ ಸರ್ವರ್‌ನಲ್ಲಿ ಇಟ್ಟವರಿದ್ದಾರೆ. ಮೊಬೈಲ್ ಆ್ಯಪ್‌ನಲ್ಲಿ ಉದ್ರಿ ಬರೆಯುವವರಿದ್ದಾರೆ. ಕೊಟೇಶನ್ನು, ಡ್ರಾಯಿಂಗ್ ಎಲ್ಲ ಗೂಗಲ್ ಡ್ರೈವ್‌ನಲ್ಲಿ, ಆರ್ಡರ್‌ಗಳು ಜಿಮೇಲ್‌ನಲ್ಲಿ, ರೋಗಿಗಳ ವಿವರ ಚಿಕಿತ್ಸಾಲಯದ ಆನ್‌ಲೈನ್ ಸಾಫ್ಟ್‌ವೇರ್‌ನಲ್ಲಿ. ಇ-ವೇ ಬಿಲ್, ಇ-ಇನ್‌ವಾಯ್ಸ್ ಬಂದ ಮೇಲಂತೂ ಇಂಟರ್‌ನೆಟ್ ಇಲ್ಲದೆ ಸರಕಿನ ಲಾರಿಯೇ ಹೊರಡದ ಸ್ಥಿತಿ.

ಇಷ್ಟೆಲ್ಲ ಇರುವ ಖಾತೆ ಯಾರ ಹೆಸರಿನಲ್ಲಿದೆ? ಸಣ್ಣ ಉದ್ಯಮಗಳಲ್ಲಿ ಅಪಾಯ ಶುರುವಾಗುವುದೇ ಇಲ್ಲಿಂದ. ಮೊದಲು ಸಾಫ್ಟ್‌ವೇರ್ ಹಾಕುವಾಗ ಯಾರು ಎದುರಿಗೆ ಕೂತಿದ್ದರೋ ಅವರ ಜಿಮೇಲ್‌ನಿಂದ ಖಾತೆ ತೆರೆದಿರುತ್ತಾರೆ. ಓಟಿಪಿ ಹೋಗುವುದು ಅವರದೇ ಫೋನಿಗೆ. ಅವರು ಅಣ್ಣನ ಮಗ ಆಗಿರಬಹುದು, ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗ ಆಗಿರಬಹುದು, ವೆಬ್‌ಸೈಟ್ ಮಾಡಿಕೊಟ್ಟ ಏಜೆನ್ಸಿಯೂ ಆಗಿರಬಹುದು. ವೆಬ್‌ಸೈಟಿನ ವಿಳಾಸವನ್ನು ಏಜೆನ್ಸಿ ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದರೆ, ಸಂಬಂಧ ಕೆಟ್ಟ ದಿನ ಕಂಪನಿಯ ಇಮೇಲ್ ಕೂಡ ನಿಂತುಹೋಗಬಹುದು. ಇದಕ್ಕೆ ಹ್ಯಾಕರ್ ಬೇಕಿಲ್ಲ, ಯಾರಿಗೂ ಕೆಟ್ಟ ಉದ್ದೇಶ ಇರಬೇಕಾಗಿಯೂ ಇಲ್ಲ. ಆ ಹುಡುಗ ಹಳೆಯ ಸಿಮ್ ಬಿಟ್ಟು ಹೊಸದು ತೆಗೆದುಕೊಂಡರೆ ಸಾಕು. ಮೊಬೈಲ್ ಕಂಪನಿ ಆ ನಂಬರನ್ನು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತದೆ. ನಿಮ್ಮ ಓಟಿಪಿ ಆಗ ಗುರುತು ಪರಿಚಯವಿಲ್ಲದವರ ಫೋನಿಗೆ ಹೋಗುತ್ತದೆ.

ಕೆಲಸ ಬಿಟ್ಟವರ ವಿಚಾರದಲ್ಲಿ ಎರಡು ಬಗೆಯ ನಷ್ಟ ನೋಡುತ್ತೇವೆ. ಖಾತೆಯನ್ನು ಹಾಗೇ ಬಿಟ್ಟರೆ ಅವರ ಪ್ರವೇಶ ಉಳಿಯುತ್ತದೆ. ತಿಂಗಳ ಬಾಡಿಗೆ ಉಳಿಸಲೆಂದು ಖಾತೆಯನ್ನೇ ಅಳಿಸಿದರೆ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅದನ್ನು ಮರಳಿ ಪಡೆಯಲು ಇರುವುದು 20 ದಿನ ಮಾತ್ರ. ಆ ಅವಧಿ ಮುಗಿದರೆ ಆ ನೌಕರ ವರ್ಷಗಟ್ಟಲೆ ಗ್ರಾಹಕರೊಂದಿಗೆ ನಡೆಸಿದ ಪತ್ರವ್ಯವಹಾರ ಪೂರ್ತಿ ಹೋಯಿತೆಂದೇ ಅರ್ಥ. ಮೊದಲು ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿಸಿ, ಕಡತಗಳನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ, ಮೇಲ್ ಇಳಿಸಿಕೊಂಡ ಮೇಲಷ್ಟೇ ಖಾತೆ ಮುಚ್ಚಬೇಕು. ಸಂಬಳದ ಅಂತಿಮ ಲೆಕ್ಕ ಮುಗಿಸುವ ದಿನವೇ ಇದೂ ಮುಗಿಯಬೇಕು.

ಪಾಸ್‌ವರ್ಡ್ ಕಳವಿನ ಬಗೆ ಈಗ ಬದಲಾಗಿದೆ. ಊಹೆ ಮಾಡಿ ಒಳನುಗ್ಗುವವರಿಗಿಂತ, ಕಂಪ್ಯೂಟರಿನಲ್ಲಿ ಉಳಿದಿರುವ ಪಾಸ್‌ವರ್ಡ್‌ಗಳನ್ನು ಒಟ್ಟಿಗೆ ಬಾಚಿಕೊಂಡು ಹೋಗುವ ಕಳ್ಳ ತಂತ್ರಾಂಶಗಳು ಹೆಚ್ಚು ಅಪಾಯಕಾರಿ. ಹಣ ಕೊಡದೆ ಇಳಿಸಿಕೊಂಡ ಕ್ರ್ಯಾಕ್ ಸಾಫ್ಟ್‌ವೇರ್ ಮತ್ತು ಆಟಗಳ ಜೊತೆ ಇವು ಬರುತ್ತವೆ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಎಲ್ಲ ಲಾಗಿನ್‌ಗಳನ್ನೂ ಎತ್ತಿಕೊಂಡು ಹೋಗಿ ಮಾರುವವರ ಸಂತೆಗೆ ಸೇರಿಸುತ್ತವೆ. 2024ರಲ್ಲಿ ಸ್ನೋಫ್ಲೇಕ್ ಎಂಬ ಡೇಟಾ ಕ್ಲೌಡ್ ಕಂಪನಿಯ ಗ್ರಾಹಕರಿಗೆ ಆದದ್ದು ಇದೇ. ತನಿಖೆ ನಡೆಸಿದ ಮ್ಯಾಂಡಿಯಂಟ್ ಸಂಸ್ಥೆಯ ಪ್ರಕಾರ ಸುಮಾರು 165 ಸಂಸ್ಥೆಗಳ ಡೇಟಾ ಅಪಾಯಕ್ಕೆ ಸಿಕ್ಕಿತ್ತು. ಟಿಕೆಟ್‌ಮಾಸ್ಟರ್, ಎಟಿ ಆ್ಯಂಡ್ ಟಿಯಂಥ ದೈತ್ಯರೂ ಆ ಪಟ್ಟಿಯಲ್ಲಿದ್ದರು. ಕದ್ದ ಪಾಸ್‌ವರ್ಡ್‌ಗಳಲ್ಲಿ ಕೆಲವು 2020ರಷ್ಟು ಹಳೆಯವು. ಯಾರೂ ಬದಲಿಸಿರಲಿಲ್ಲ. ದಾಳಿಗೆ ಒಳಗಾದ ಆ ಖಾತೆಗಳಿಗೆ ಎರಡನೇ ಹಂತದ ತಪಾಸಣೆಯೂ ಇರಲಿಲ್ಲ.

ಆ ಎರಡನೇ ಹಂತಕ್ಕೆ ಖರ್ಚಿಲ್ಲ. ಪಾಸ್‌ವರ್ಡ್ ಆದ ಮೇಲೆ ಫೋನಿನಲ್ಲಿ ಒಪ್ಪಿಗೆಯನ್ನೋ ಒಂದು ಸಂಖ್ಯೆಯನ್ನೋ ಕೇಳುವ ಈ ವ್ಯವಸ್ಥೆ ಖಾತೆ ಕಳವಿನ ಯತ್ನಗಳಲ್ಲಿ ಶೇ 99.9ಕ್ಕೂ ಹೆಚ್ಚನ್ನು ತಡೆಯುತ್ತದೆ ಎಂದು ಮೈಕ್ರೋಸಾಫ್ಟ್ 2019ರಲ್ಲೇ ಹೇಳಿತ್ತು. ನಮ್ಮ ವ್ಯಾಪಾರಿಗಳಿಗೆ ಇದು ಅಪರಿಚಿತವೂ ಅಲ್ಲ. ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ಪೋರ್ಟಲ್‌ಗಳು 2025ರ ಜನವರಿಯಲ್ಲಿ 20 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ, ಏಪ್ರಿಲ್ 1ರ ಹೊತ್ತಿಗೆ ಎಲ್ಲರಿಗೂ ಇದನ್ನು ಕಡ್ಡಾಯ ಮಾಡಿವೆ. ಸರ್ಕಾರ ಕೇಳಿದಲ್ಲಿ ಓಟಿಪಿ ಹಾಕುತ್ತೇವೆ, ಇಡೀ ವ್ಯವಹಾರ ಇರುವ ಜಿಮೇಲ್‌ಗೆ ಹಾಕಿಕೊಂಡಿಲ್ಲ. ಆ ಸೆಟ್ಟಿಂಗ್ ಬದಲಿಸಲು ಹತ್ತು ನಿಮಿಷ ಸಾಕು. ಸಾಧ್ಯವಾದರೆ ಎಸ್‌ಎಂಎಸ್ ಓಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಬಳಸಿ. ಸಿಮ್ ಕಳೆದುಹೋದರೂ, ನಂಬರ್ ಬೇರೆಯವರ ಪಾಲಾದರೂ ಅದು ಕೈಕೊಡುವುದಿಲ್ಲ.

ಮೇಲ್‌ಬಾಕ್ಸ್‌ಗೆ ಹೊಕ್ಕವನು ಏನು ಮಾಡುತ್ತಾನೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅವನು ಸದ್ದು ಮಾಡುವುದಿಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿ ಜರ್ಮನಿಗೆ ಕಾಸ್ಟಿಂಗ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಕಳ್ಳ ವಾರಗಟ್ಟಲೆ ಮೇಲ್‌ಗಳನ್ನು ಓದುತ್ತಾ ಕೂರುತ್ತಾನೆ. ಪೇಮೆಂಟ್, ಇನ್‌ವಾಯ್ಸ್ ಎಂಬ ಪದಗಳಿರುವ ಮೇಲ್ ಎಲ್ಲ ತನಗೂ ಬರುವಂತೆ ಫಾರ್ವರ್ಡ್ ನಿಯಮ ಹಾಕಿಡುತ್ತಾನೆ. ನೀವು ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೇ ಉಳಿಯುತ್ತದೆ. ಬಿಲ್ ಪಾವತಿಯ ಹೊತ್ತಿಗೆ ಸರಿಯಾಗಿ, ಫೌಂಡ್ರಿಯ ವಿಳಾಸದಿಂದಲೇ, ಅದೇ ಲೆಟರ್‌ಹೆಡ್‌ನಲ್ಲಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಪತ್ರ ಗ್ರಾಹಕನಿಗೆ ಹೋಗುತ್ತದೆ. ಗ್ರಾಹಕ ಹಣ ಕಟ್ಟುತ್ತಾನೆ. ಹಣ ಬಂದಿಲ್ಲವಲ್ಲ ಎಂದು ಇಲ್ಲಿಂದ ಫೋನ್ ಹೋಗುವಷ್ಟರಲ್ಲಿ ಅದು ಎರಡು ಮೂರು ದೇಶ ದಾಟಿರುತ್ತದೆ. ಸರಕೂ ಹೋಯಿತು, ಹಣವೂ ಹೋಯಿತು. ಮೇಲಾಗಿ, ಮೇಲ್ ನಿಮ್ಮಿಂದಲೇ ಬಂದಿದೆ ಎಂದು ಗ್ರಾಹಕ ವಾದಿಸುತ್ತಾನೆ.

ಇದಕ್ಕೆ ಮದ್ದು ಒಂದು ಕಟ್ಟುನಿಟ್ಟಿನ ರೂಢಿ. ಖಾತೆ ಸಂಖ್ಯೆ ಬದಲಾಗಿದೆ ಎಂಬ ಮೇಲ್ ಬಂದರೆ, ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಕಳಿಸಬಾರದು. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಮಾಡಿದರೆ ಉಪಯೋಗವಿಲ್ಲ. ನಿಮ್ಮ ಗ್ರಾಹಕರಿಗೂ ಇದನ್ನು ಬರೆದು ತಿಳಿಸಿಡಿ. ತಿಂಗಳಿಗೊಮ್ಮೆ ಮೇಲ್ ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟಗಳನ್ನು ತೆರೆದು ನೋಡಿ. ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಬ್ಯಾಂಕಿಗೂ ತಿಳಿಸಿ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿರುವ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗಳು ಇಂಥ ದೂರುಗಳನ್ನು ತೆಗೆದುಕೊಳ್ಳುತ್ತವೆ. ಮರ್ಯಾದೆಗೆ ಅಂಜಿ ಎರಡು ದಿನ ತಡ ಮಾಡಿದವರ ಹಣ ಮರಳುವುದು ತೀರಾ ಕಷ್ಟ.

ಡ್ರೈವ್‌ನಲ್ಲಿದೆ, ಹಾಗಾಗಿ ಬ್ಯಾಕಪ್ ಇದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ಮಾಡುವ ಕೆಲಸ ಸಿಂಕ್. ಅಂದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆದದ್ದನ್ನು ಕ್ಲೌಡ್‌ನಲ್ಲೂ ಹಾಗೇ ಮಾಡುವುದು. ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಹೊಕ್ಕು ಕಡತಗಳನ್ನು ತೆರೆಯಲಾಗದ ಗುಪ್ತಲಿಪಿಯಾಗಿಸಿದರೆ, ಆ ಹಾಳಾದ ಕಡತಗಳೇ ಮೇಲಕ್ಕೆ ಹೋಗಿ ಕೂರುತ್ತವೆ. ಅಳಿಸಿದ ಕಡತ ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಇರುವುದು 30 ದಿನ. ಇತ್ತ ಜಿಎಸ್‌ಟಿ ಕಾಯ್ದೆಯ 36ನೇ ಕಲಮು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು, ಅಂದರೆ ಆರು ವರ್ಷ, ಇಟ್ಟುಕೊಂಡಿರಬೇಕು ಎನ್ನುತ್ತದೆ. ಮೂವತ್ತು ದಿನ ಕಾಯುವ ಬುಟ್ಟಿಯನ್ನು ನಂಬಿ ಆರು ವರ್ಷದ ಹೊಣೆ ಹೊರಲಾಗದು. ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ ನಿಯಮ ಇನ್ನೂ ಬಿಗಿ. ಎಲೆಕ್ಟ್ರಾನಿಕ್ ಲೆಕ್ಕಪುಸ್ತಕದ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಆಗಬೇಕು ಎಂದು 2022ರ ಆಗಸ್ಟ್‌ನಲ್ಲಿ ತಿದ್ದುಪಡಿ ಬಂದಿದೆ. ನಿಮ್ಮ ಸಾಫ್ಟ್‌ವೇರ್‌ನವರ ಸರ್ವರ್ ಯಾವ ದೇಶದಲ್ಲಿದೆ ಎಂದು ಕೇಳುವುದು ಹಾಗಾಗಿ ನಿಮ್ಮ ಕರ್ತವ್ಯ.

ಖಾತೆಯನ್ನು ನಾವು ಎಷ್ಟೇ ಜೋಪಾನ ಮಾಡಿದರೂ ಸೇವೆ ಕೊಡುವವರ ಕಡೆಯೇ ಅನಾಹುತ ಆಗಬಹುದು. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್‌ಗೆಂದು ಪ್ರತ್ಯೇಕ ಹಣ ಕೊಟ್ಟಿದ್ದ ಗ್ರಾಹಕರೊಬ್ಬರ ಪ್ರತಿಯೂ ಅದೇ ಕಟ್ಟಡದಲ್ಲಿತ್ತು. ಅದೂ ಬೂದಿಯಾಯಿತು. ಪರಿಹಾರ ಕೊಡಬೇಕೆಂದು 2023ರಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ ಹೇಳಿತು. ಪರಿಹಾರದಿಂದ ಡೇಟಾ ಮರಳುವುದಿಲ್ಲ. ಅದೇ 2023ರ ಆಗಸ್ಟ್‌ನಲ್ಲಿ ಡೆನ್ಮಾರ್ಕ್‌ನ ಕ್ಲೌಡ್‌ನಾರ್ಡಿಕ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಸರ್ವರ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಸೋಂಕಿತ ಯಂತ್ರಗಳು ಒಳಜಾಲಕ್ಕೆ ಸೇರಿಕೊಂಡವು. ಬ್ಯಾಕಪ್‌ಗಳೂ ಉಳಿಯಲಿಲ್ಲ. ಬಹುಪಾಲು ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು ಎಂದು ಕಂಪನಿಯೇ ಒಪ್ಪಿಕೊಂಡಿತು.

ನಮ್ಮ ದೇಶದ ಉದಾಹರಣೆ ಸಿ-ಎಡ್ಜ್. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಸೇರಿ ಕಟ್ಟಿದ ಈ ಕಂಪನಿ ಸಹಕಾರಿ ಬ್ಯಾಂಕುಗಳಿಗೆ, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುತ್ತದೆ. 2024ರ ಜುಲೈ ಕೊನೆಗೆ ಅದರ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಸೋಂಕು ಹರಡದಂತೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಯುಪಿಐ ಬಳಸಲಾಗದೆ ಪರದಾಡಿದರು. ಒಂದು ಬ್ಯಾಂಕಿನಲ್ಲೂ ತಪ್ಪಾಗಿರಲಿಲ್ಲ. ಎಲ್ಲರೂ ಒಬ್ಬರನ್ನೇ ಅವಲಂಬಿಸಿದ್ದರು, ಅಷ್ಟೆ. ಆಗಸ್ಟ್ 1ಕ್ಕೆ ಸೇವೆ ಮರಳಿತು ಎಂಬುದು ಸಮಾಧಾನ. ಜಿಲ್ಲಾ ಕೇಂದ್ರದಲ್ಲಿ ಇನ್ನೂರು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುವ ಒಬ್ಬ ವ್ಯಕ್ತಿಯ ಸರ್ವರ್‌ಗೆ ಹೀಗಾದರೆ ಬೇರ್ಪಡಿಸಿ ಕಾಪಾಡಲು ಅಲ್ಲಿ ಎನ್‌ಪಿಸಿಐ ಇರುವುದಿಲ್ಲ.

ಹಾಗೆಂದು ಎಲ್ಲವನ್ನೂ ಅಂಗಡಿಯ ಮೇಜಿನ ಕೆಳಗಿನ ಕಂಪ್ಯೂಟರಿಗೆ ವಾಪಸು ತನ್ನಿ ಎಂದು ನಾನು ಹೇಳಲಾರೆ. ಕಳ್ಳತನ, ಶಾರ್ಟ್ ಸರ್ಕಿಟ್, ಮಳೆ ನೀರು, ಹಳೆಯ ವಿಂಡೋಸ್, ಇವುಗಳಿಂದ ಹಾಳಾದ ಲೆಕ್ಕಗಳು ಕ್ಲೌಡ್‌ನಿಂದ ಹಾಳಾದವಕ್ಕಿಂತ ಕಡಿಮೆ ಇರಲಾರವು. ಕ್ಲೌಡ್ ಬೇಕು. ಜೊತೆಗೆ ಅದರ ಹೊರಗೊಂದು ಪ್ರತಿ ಬೇಕು. ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಯನ್ನು ಉಳಿಸಿದ್ದರಲ್ಲಿ ಅಂಥ ಪ್ರತಿಯ ಪಾತ್ರ ದೊಡ್ಡದು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಈ ನಿಧಿಯ ವ್ಯವಸ್ಥೆಯನ್ನು ಗೂಗಲ್ ಕ್ಲೌಡ್‌ನಲ್ಲಿ ಸಿದ್ಧಪಡಿಸುವಾಗ ಗೂಗಲ್ ಸಿಬ್ಬಂದಿ ಒಂದು ಕಡೆ ಮಾಹಿತಿಯನ್ನು ಖಾಲಿ ಬಿಟ್ಟಿದ್ದರು. ಆ ಕಾರಣಕ್ಕೆ ಅದರ ಅವಧಿ ತಾನಾಗಿಯೇ ಒಂದು ವರ್ಷವೆಂದು ನಿಗದಿಯಾಗಿತ್ತು. 2024ರ ಮೇ ತಿಂಗಳಲ್ಲಿ ಅವಧಿ ಮುಗಿದು ಆ ವ್ಯವಸ್ಥೆ ಅಳಿಸಿಹೋಯಿತು. ಎರಡು ಕಡೆ ಇಟ್ಟಿದ್ದ ಜೋಡಿ ವ್ಯವಸ್ಥೆಗಳೂ ಒಟ್ಟಿಗೇ ಹೋದವು. ಆದರೆ ಯೂನಿಸೂಪರ್ ಬೇರೊಂದು ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿತ್ತು. ಅದೂ ನೆರವಾಗಿ, ಕೆಲವು ದಿನಗಳ ತೊಂದರೆಯ ನಂತರ ಎಲ್ಲವೂ ಮರಳಿತು. ಕೋಡ್ ಸ್ಪೇಸಸ್‌ಗೂ ಯೂನಿಸೂಪರ್‌ಗೂ ಇದ್ದ ಮುಖ್ಯ ವ್ಯತ್ಯಾಸ ಹಣ ಅಥವಾ ಗಾತ್ರದ್ದಲ್ಲ. ಒಂದರ ಪ್ರತಿಗಳೆಲ್ಲ ಅದೇ ಖಾತೆಯ ಹಿಡಿತದಲ್ಲಿದ್ದವು, ಇನ್ನೊಂದರ ಪ್ರತಿ ಅದರಾಚೆಗಿತ್ತು.

ಸಣ್ಣ ವ್ಯಾಪಾರಿಗೆ ಇದು ದುಬಾರಿಯಲ್ಲ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ವಾರಕ್ಕೊಮ್ಮೆ ಟ್ಯಾಲಿ ಬ್ಯಾಕಪ್, ಗ್ರಾಹಕರ ಪಟ್ಟಿ, ಬಾಕಿ ಪಟ್ಟಿ, ಡ್ರಾಯಿಂಗ್‌ಗಳನ್ನು ಅದಕ್ಕೆ ಇಳಿಸಿ, ತಂತಿ ಕಳಚಿ ಮನೆಗೆ ಒಯ್ಯಬೇಕು. ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇಟ್ಟ ಡಿಸ್ಕ್ ರ‍್ಯಾನ್ಸಮ್‌ವೇರ್‌ಗೆ ಸುಲಭದ ತುತ್ತು. ಸಾಫ್ಟ್‌ವೇರ್‌ನವರು ಡೇಟಾವನ್ನು ಹೊರಗೆ ಇಳಿಸಿಕೊಳ್ಳಲು ಬಿಡುವುದಿಲ್ಲ ಎಂದರೆ ಆ ಸಾಫ್ಟ್‌ವೇರ್ ಬೇಡ. ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಅದು ನಿಮ್ಮ ಡೇಟಾ.

ಕಾನೂನಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಸೈಬರ್ ದಾಳಿಯಾದರೆ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಎಂಬ ನಿರ್ದೇಶನ 2022ರ ಏಪ್ರಿಲ್‌ನಲ್ಲಿ ಹೊರಬಿದ್ದಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗುತ್ತಿವೆ. ತಕ್ಕಷ್ಟು ಭದ್ರತೆ ಇಡದೆ ಜನರ ಮಾಹಿತಿ ಸೋರಿಹೋದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಅಷ್ಟು ದೊಡ್ಡ ದಂಡ ಸಣ್ಣವರ ಮೇಲೆ ಬೀಳಲಿಕ್ಕಿಲ್ಲ. ಆದರೆ ಒಂದು ಚಿಕಿತ್ಸಾಲಯದ ರೋಗಿಗಳ ಪಟ್ಟಿ, ಒಂದು ಪತ್ತಿನ ಸಂಘದ ಸಾಲಗಾರರ ಆಧಾರ್ ಪ್ರತಿಗಳು 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಸೆಟ್ಟಿಂಗ್‌ನಲ್ಲಿ ಬಿದ್ದಿದ್ದರೆ, ನೋವು ತಟ್ಟುವುದು ನಮ್ಮನ್ನು ನಂಬಿ ಬಂದ ಜನರಿಗೆ. ದಂಡಕ್ಕಿಂತ ಅದು ನನ್ನನ್ನು ಹೆಚ್ಚು ಕಾಡುತ್ತದೆ. ಡ್ರೈವ್ ತೆರೆದು, ಹಂಚಿದ ಕಡತಗಳ ಪಟ್ಟಿಯನ್ನು ಒಮ್ಮೆ ಪೂರ್ತಿ ನೋಡಿ.

ಈ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಸಂಜೆಯೇ ನಿಮ್ಮ ಅಕೌಂಟೆಂಟ್ ಜೊತೆ ಕೂತುಕೊಳ್ಳಿ. ಮುಖ್ಯ ಖಾತೆಯ ಇಮೇಲ್ ಮತ್ತು ಫೋನ್ ನಂಬರ್ ಸಂಸ್ಥೆಯದೇ ಆಗಿರುವಂತೆ ಬದಲಿಸಿಕೊಳ್ಳಿ, ಎರಡನೇ ಹಂತದ ತಪಾಸಣೆ ಹಾಕಿಸಿ, ಲೆಕ್ಕದ ಒಂದು ಪ್ರತಿಯನ್ನು ಡಿಸ್ಕಿಗೆ ಇಳಿಸಿ. ಇಳಿಸಿದ್ದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹೋದ ತಿಂಗಳ ಒಂದು ಬಿಲ್ ಸರಿಯಾಗಿ ಬರುತ್ತದೆಯೇ ಎಂದು ಕಣ್ಣಾರೆ ನೋಡಿ. ತೆರೆಯದಿದ್ದರೆ ಆ ಪ್ರತಿ ಇಲ್ಲವೆಂದೇ ತಿಳಿದು, ಅಂದೇ ಇನ್ನೊಂದು ಮಾಡಿಕೊಳ್ಳಿ.